ಪಾನಯಾತ್ರೆಯೂ ನೆರೆಹೊರೆಯೂ

ಇಂಗ್ಲೆಂಡಿನ ಲೀಡ್ಸ್ ನಗರದ ವಾಯವ್ಯಕ್ಕೆ ಆಟ್ಲಿ ರಸ್ತೆಯೆಂಬ ಹೆದ್ದಾರಿಯೊಂದಿದೆ. ಶನಿವಾರ ಬಂತೆಂದರೆ ಆ ದಾರಿಯುದ್ದಕ್ಕೂ ಬಗೆಬಗೆಯ ವೇಷ ತೊಟ್ಟ ತರುಣ ತರುಣಿಯರ ತಂಡಗಳು ನಡುಹಗಲಿನಿಂದಲೇ ನಗರದ ಕಡೆಗೆ ಇಳಿದು ಬರತೊಡಗುತ್ತವೆ. ಒಂದು ಪಾನಗೃಹವನ್ನು ಹೊಕ್ಕು, ಒಂದು ಲೋಟ ಕುಡಿದು, ಹೊರಬಿದ್ದು ಮುಂದಿನದನ್ನು ಹೊಗುವುದು. ಹೀಗೆ ಸುಮಾರು ಎರಡೂವರೆ ಮೈಲುಗಳ ಹಾದಿಯಲ್ಲಿ ಹದಿನೈದರಷ್ಟು ಪಾನಗೃಹಗಳನ್ನು ಮುಗಿಸಿ, ಸಂಜೆ ಕಳೆದು ಕತ್ತಲಾಗುವ ಹೊತ್ತಿಗೆ ವಿಶ್ವವಿದ್ಯಾಲಯದ ನೆರೆಯನ್ನು ಬಂದು ಮುಟ್ಟುವುದು ಈ ಯಾತ್ರೆಯ ಕ್ರಮ. ಆಂಗ್ಲರು ಇಂತಹ ಸಂಚಾರಕ್ಕೆ 'ಪಬ್ ಕ್ರಾಲ್' ಎನ್ನುತ್ತಾರೆ. ಪಬ್ಬಿನಿಂದ ಪಬ್ಬಿಗೆ ತೆವಳುವುದು ಎಂದು ಅದರ ಅರ್ಥ. ಲೀಡ್ಸಿನ ಈ ತೆವಳಾಟಕ್ಕೆ 'ಆಟ್ಲಿ ರನ್', ಅಂದರೆ ಆಟ್ಲಿ ಓಟ, ಎಂಬ ಹೆಸರು ನಿಂತಿದೆ. ತೆವಳುವುದನ್ನು ಓಟವೆಂದು ಕರೆದವರ ವಿನೋದಬುದ್ಧಿಯನ್ನು ನಾವು ಮೆಚ್ಚತಕ್ಕದ್ದೇ. ಆದರೆ ದಾರಿಯ ಇಕ್ಕೆಲದಲ್ಲಿ ಮನೆ ಮಾಡಿಕೊಂಡು ಬಾಳುವವರಿಗೆ ಅದು ವಿನೋದವಾಗಿ ಉಳಿದಿಲ್ಲ. ಅವರು ನಗರಸಭೆಯ ಬಾಗಿಲು ಬಡಿಯುತ್ತಿದ್ದಾರೆ. ಪಾನಗೃಹಗಳ ಒಡೆಯರು ತಮ್ಮ ಹೊಟ್ಟೆಪಾಡನ್ನು ಮುಂದಿಡುತ್ತಿದ್ದಾರೆ. ಎಲ್ಲ ದೋಷವನ್ನೂ ತಮ್ಮ ತಲೆಗೆ ಕಟ್ಟುವುದು ಅನ್ಯಾಯವೆಂದು ವಿದ್ಯಾರ್ಥಿಗಳು ಹೇಳುತ್ತಿದ್ದಾರೆ. ಮೂವರ ಮಾತಿನಲ್ಲಿಯೂ ಹುರುಳಿದೆ. ಹಾಗಿರುವಾಗ ವ್ಯಾಜ್ಯವು ಏಕೆ ಬಗೆಹರಿಯುತ್ತಿಲ್ಲ?

ಏಳು ಸಮುದ್ರಗಳಾಚೆಯ ಬೀದಿಯೊಂದರ ಜಗಳ ನಮಗೇಕೆ ಎಂದು ವಾಚಕರು ಕೇಳಬಹುದು. ಹೆಡಿಂಗ್ಲೆ ಎಂಬ ಹೆಸರನ್ನು ಕೇಳಿದರೆ ಅವರಿಗೆ ಅದು ಅಷ್ಟು ದೂರದ್ದೆಂದು ತೋರಲಾರದು. ಈ ಯಾತ್ರೆಯ ನಟ್ಟನಡುವೆ ಇರುವ ಪೇಟೆ ಅದೇ. ೨೦೦೨ರ ಆಗಸ್ಟಿನಲ್ಲಿ ಅಲ್ಲಿಯ ಮೈದಾನದಲ್ಲಿ ನಮ್ಮ ರಾಹುಲ್ ದ್ರಾವಿಡರು ೧೪೮ ಓಟಗಳನ್ನು ಗಳಿಸಿದುದನ್ನೂ, ಭಾರತವು ಒಂದು ಇನ್ನಿಂಗ್ಸ್ ಮತ್ತು ೪೬ ಓಟಗಳಿಂದ ಇಂಗ್ಲೆಂಡನ್ನು ಸೋಲಿಸಿದುದನ್ನೂ ಮರೆತವರು ಕಡಿಮೆ. ಇಂದು ನಮ್ಮ ಮಕ್ಕಳು ಆಟಕ್ಕಾಗಿ ಮಾತ್ರವಲ್ಲ, ವಿದ್ಯೆಗಾಗಿಯೂ ಆ ದೇಶಕ್ಕೆ ಹೋಗುತ್ತಿದ್ದಾರೆ. ೨೦೨೨-೨೩ನೆಯ ವರ್ಷದಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಭಾರತೀಯ ವಿದ್ಯಾರ್ಥಿಗಳಿದ್ದರು. ಪರದೇಶದ ವಿದ್ಯಾರ್ಥಿಗಳಲ್ಲಿ ಅವರದೇ ಮೊದಲ ಸ್ಥಾನ. ಅಂತಹ ಊರುಗಳ ಸಂಜೆಗಳು ಹೇಗೆ ಕಳೆಯುತ್ತವೆ ಎಂಬುದು ನಮಗೂ ಸಂಬಂಧಿಸಿದ ಮಾತು.

ಮೊದಲು ಸ್ಥಳವನ್ನು ತಿಳಿಯೋಣ. ಹೆಡಿಂಗ್ಲೆಯ ಚರ್ಚಿನ ಬಳಿ ಎದುರುಬದುರಾಗಿ ಎರಡು ಪಾನಗೃಹಗಳಿವೆ. ಒಂದರ ಹೆಸರು 'ಸ್ಕೈರಾಕ್', ಇನ್ನೊಂದರದು 'ಒರಿಜಿನಲ್ ಓಕ್'. ಎರಡು ಹೆಸರುಗಳೂ ಒಂದೇ ಮರದಿಂದ ಬಂದವು. ಸ್ಕೈರಾಕ್ ಎಂಬುದು ಒಂದು ಪುರಾತನ ಸೀಮೆಯ ಹೆಸರು. ಆ ಸೀಮೆಯ ಜನರು ಇಲ್ಲಿದ್ದ ಹಿರಿಯ ಓಕ್ ಮರದ ಕೆಳಗೆ ಸೇರಿ ನ್ಯಾಯ ತೀರ್ಮಾನ ಮಾಡುತ್ತಿದ್ದರೆಂದು ಪ್ರತೀತಿಯಿದೆ. ನಮ್ಮ ಹಳ್ಳಿಗಳಲ್ಲಿ ಅರಳಿಯ ಕಟ್ಟೆಗಿದ್ದ ಸ್ಥಾನ ಆ ಮರಕ್ಕಿತ್ತು. ೧೯೪೧ರಲ್ಲಿ ಆ ಮುದಿಮರವು ಉರುಳಿಬಿದ್ದಿತು. ಹೆಸರು ಮಾತ್ರ ಪಾನಗೃಹಗಳ ಹಲಗೆಗಳ ಮೇಲೆ ಉಳಿದಿದೆ. ೧೮೭೧ರಲ್ಲಿ ಲೀಡ್ಸಿನಲ್ಲಿ ಮೊತ್ತಮೊದಲು ಕುದುರೆಯ ಟ್ರಾಮು ಓಡಿದಾಗ ಅದರ ಕೊನೆಯ ನಿಲ್ದಾಣವು ಈ ಓಕ್ ಪಾನಗೃಹದ ಬಳಿಯೇ ಇದ್ದಿತು. ಊರಿನ ಮಧ್ಯಸ್ಥಾನ ಎಲ್ಲಿಯೆಂದು ಆ ಕಾಲದ ಜನರಿಗೆ ಸಂದೇಹವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇಂಗ್ಲೆಂಡಿನ ಪಾನಗೃಹವನ್ನು ನಮ್ಮ ಹೆಂಡದಂಗಡಿಯೊಡನೆ ಹೋಲಿಸಿದರೆ ತಪ್ಪು ತಿಳುವಳಿಕೆಯುಂಟಾಗುತ್ತದೆ. ಪಬ್ ಎಂಬುದು 'ಸಾರ್ವಜನಿಕ ಮನೆ' ಎಂಬ ಮಾತಿನ ಮೊಟಕು ರೂಪ. ಮನೆಯೊಂದರ ಪಡಸಾಲೆಯನ್ನು ಊರವರಿಗೆ ತೆರೆದಿಟ್ಟಂತೆ ಅದರ ರಚನೆ. ೧೫೫೨ರ ಶಾಸನವು ಇಂತಹ ಮನೆಯನ್ನು ನಡೆಸುವವನು ನ್ಯಾಯಾಧಿಕಾರಿಗಳಿಂದ ಅನುಮತಿ ಪಡೆಯಬೇಕೆಂದೂ, ಒಳಗೆ ಸುವ್ಯವಸ್ಥೆಯನ್ನು ಕಾಯುವುದಾಗಿ ಮುಚ್ಚಳಿಕೆ ಬರೆದುಕೊಡಬೇಕೆಂದೂ ವಿಧಿಸಿತು. ೧೮೩೦ರಲ್ಲಿ ಕಾಯಿದೆಯನ್ನು ಸಡಿಲಿಸಿ, ಎರಡು ಗಿನಿಗಳನ್ನು ತೆತ್ತ ಯಾವ ತೆರಿಗೆದಾರನೂ ಬಿಯರು ಮಾರಬಹುದೆಂದು ಮಾಡಿದಾಗ ಕೆಲವೇ ತಿಂಗಳುಗಳಲ್ಲಿ ಸಾವಿರಾರು ಹೊಸ ಅಂಗಡಿಗಳು ಎದ್ದವು; ಆಮೇಲೆ ಆ ಶತಮಾನವೆಲ್ಲ ಅವುಗಳನ್ನು ಮತ್ತೆ ಹತೋಟಿಗೆ ತರುವ ಯತ್ನದಲ್ಲಿಯೇ ಕಳೆಯಿತು. ಕಾನೂನು ಬಿಗಿಯಾಗಲಿ ಸಡಿಲವಾಗಲಿ, ದಿನದಿನದ ನಿಜವಾದ ಕಾವಲು ಬೇರೆಯೇ ಇತ್ತು. ಪಾನಗೃಹದ ಒಡೆಯನಿಗೆ ಗಿರಾಕಿಯ ಹೆಸರು ಗೊತ್ತಿತ್ತು; ಗಿರಾಕಿಗೆ ಪಕ್ಕದಲ್ಲಿ ಕುಳಿತವನ ತಂದೆ ಗೊತ್ತಿದ್ದನು. ಇಂದು ಮಿತಿಮೀರಿದವನು ನಾಳೆ ಅದೇ ಮುಖಗಳನ್ನು ಎದುರಿಸಬೇಕಾಗಿತ್ತು. ಬೋಲ್ಟನ್ ಪಟ್ಟಣದ ಪಾನಗೃಹಗಳನ್ನು ಕೂಲಂಕಷವಾಗಿ ನೋಡಿ ೧೯೪೩ರಲ್ಲಿ ಗ್ರಂಥವೊಂದನ್ನು ಹೊರತಂದ ಸಮಾಜಶೋಧಕರು, ಮನೆ ಮತ್ತು ದುಡಿಮೆಯ ಸ್ಥಳಗಳನ್ನು ಬಿಟ್ಟರೆ ಜನರು ಹೆಚ್ಚು ಹೊತ್ತು ಕಳೆಯುವುದು ಪಾನಗೃಹದಲ್ಲಿಯೇ ಎಂದು ಕಂಡುಕೊಂಡರು. ೧೯೪೬ರಲ್ಲಿ ಜಾರ್ಜ್ ಆರ್ವೆಲ್ ತನ್ನ ಕಲ್ಪನೆಯ ಆದರ್ಶ ಪಾನಗೃಹವೊಂದನ್ನು ವರ್ಣಿಸುವಾಗ ಮೊದಲಸ್ಥಾನವನ್ನು ಬಿಯರಿಗೆ ಕೊಡದೆ ಅಲ್ಲಿಯ ವಾತಾವರಣಕ್ಕೆ ಕೊಟ್ಟನು. ಪಾನೀಯವು ನೆಪ, ನೆರೆತನವು ಸಾರ ಎಂಬುದೇ ಆ ಸಂಸ್ಥೆಯ ತಿರುಳಾಗಿತ್ತು.

ಪಾನಯಾತ್ರೆಯಲ್ಲಿ ಈ ತಿರುಳು ಉಳಿಯುವುದೇ? ಒಂದೊಂದು ಮನೆಯಲ್ಲಿ ಅರ್ಧ ಘಂಟೆ ನಿಲ್ಲುವುದೂ ಕಷ್ಟವಾದ ಯಾತ್ರಿಕನು ಅಲ್ಲಿಯ ನೆರೆಯವನಾಗಲು ಸಾಧ್ಯವಿಲ್ಲ. ಅವನ ಹೆಸರನ್ನು ಕೇಳುವವರಿಲ್ಲ. ನಾಳೆ ಅವನು ಅಲ್ಲಿಗೆ ಬರುವವನಲ್ಲ. ಮುಖದ ಮೇಲೆ ಬಣ್ಣವಿದೆ, ಮೈಮೇಲೆ ಸೋಗಿದೆ. ಪ್ರಮಾಣವನ್ನಾದರೂ ಲೆಕ್ಕ ಹಾಕಿ ನೋಡೋಣ. ಬ್ರಿಟನ್ನಿನ ಆರೋಗ್ಯಾಧಿಕಾರಿಗಳು ೨೦೧೬ರಲ್ಲಿ ಹೇಳಿದ ಮೇರೆಗೆ ಯಾರೇ ಆಗಲಿ ವಾರಕ್ಕೆ ೧೪ ಮಾನಗಳಿಗಿಂತ ಹೆಚ್ಚು ಮದ್ಯಸಾರವನ್ನು ನಿಯಮವಾಗಿ ಸೇವಿಸಬಾರದು. ಒಂದು ಮಾನವೆಂದರೆ ೧೦ ಮಿಲಿಲೀಟರು ಶುದ್ಧ ಮದ್ಯಸಾರ. ಶೇಕಡಾ ೪ರಷ್ಟು ಬಲವುಳ್ಳ ಬಿಯರಿನ ಒಂದು ಪೈಂಟು, ಎಂದರೆ ೫೬೮ ಮಿಲಿಲೀಟರು, ಎರಡು ಕಾಲು ಮಾನಗಳಿಗೆ ಸಮ. ಹದಿನೈದು ಮನೆಗಳಲ್ಲಿ ಅರ್ಧ ಪೈಂಟಿನಂತೆ ಅತ್ಯಂತ ಮಿತವಾಗಿ ಕುಡಿದವನೂ ಒಂದೇ ದಿನದಲ್ಲಿ ಸುಮಾರು ೧೭ ಮಾನಗಳನ್ನು ಹೊಟ್ಟೆಗೆ ಇಳಿಸಿರುತ್ತಾನೆ. ಪೂರ್ಣ ಪೈಂಟಿನ ಹಟ ಹಿಡಿದವನದು ಮೂವತ್ತನ್ನು ಮೀರುತ್ತದೆ. ವಾರದ ಮಿತಿಯನ್ನು ಒಂದು ಸಂಜೆಯೊಳಗೆ ದಾಟಿಸುವುದೇ ಈ ಆಟದ ನಿಯಮವಾಯಿತು.

ತಾರುಣ್ಯದ ಉಲ್ಲಾಸವನ್ನು ಕಂಡು ಹುಬ್ಬು ಗಂಟಿಕ್ಕುವವರು ನಾವಲ್ಲ. ಹೋಳಿಯ ಸೋಗು ನಮ್ಮಲ್ಲಿಯೂ ಉಂಟು; ಜಾತ್ರೆಯ ದಿನ ಊರಿನ ಮರ್ಯಾದೆಯ ಗೆರೆಗಳು ಸ್ವಲ್ಪ ಅಳಿಸಿಹೋಗುವುದನ್ನು ನಮ್ಮ ಹಿರಿಯರೂ ಸಹಿಸಿಕೊಂಡು ಬಂದಿದ್ದಾರೆ. ಆದರೆ ಜಾತ್ರೆಯು ವರ್ಷಕ್ಕೊಮ್ಮೆ ಬರುತ್ತದೆ. ಬಂದು ಹೋದ ಮೇಲೆ ಊರಿನವರೇ ಕೂಡಿ ಬೀದಿಯನ್ನು ಗುಡಿಸುತ್ತಾರೆ. ವಾರವಾರವೂ ಜಾತ್ರೆಯಾಗಿ, ಜಾತ್ರೆಯವರು ಪರಸ್ಥಳದವರಾಗಿ, ಗುಡಿಸುವ ಕೆಲಸ ಮಾತ್ರ ಊರವರದಾದರೆ ಯಾವ ಊರು ತಾಳಿಕೊಂಡೀತು? ಹೆಡಿಂಗ್ಲೆಯ ನಿವಾಸಿಗಳ ದೂರುಗಳ ಸಾರ ಇಷ್ಟೇ. ತಮ್ಮ ಕೈದೋಟಗಳನ್ನೂ ಓಣಿಗಳನ್ನೂ ಮೂತ್ರಾಲಯವಾಗಿ ಬಳಸುತ್ತಾರೆ. ಒಡೆದ ಗಾಜು, ವಾಂತಿ, ಕೂಗಾಟ ಇವುಗಳ ನಡುವೆ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಹೋಗುವುದು ಕಷ್ಟವಾಗಿದೆ. ವಾರದಲ್ಲಿ ಒಂದು ಹಗಲು ಮತ್ತು ಒಂದು ಸಂಜೆ ತಮ್ಮದೇ ಬೀದಿ ತಮ್ಮದಾಗಿ ಉಳಿಯುವುದಿಲ್ಲ. ಇದನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವುದು ಯೋಗ್ಯವಲ್ಲ.

ಆದರೆ ಪಾನಯಾತ್ರೆಯನ್ನು ಹೆಡಿಂಗ್ಲೆಗೆ ಕರೆತಂದವರು ಯಾರು? ಇಲ್ಲಿಂದ ಮುಂದೆ ವಿಷಯವು ಹುಡುಗರ ನಡತೆಯ ಮಾತಾಗಿ ಉಳಿಯುವುದಿಲ್ಲ. ಲೀಡ್ಸಿನ ವಿಶ್ವವಿದ್ಯಾಲಯಗಳಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಜನ ಓದುತ್ತಾರೆ. ೧೯೯೦ರ ದಶಕದಿಂದೀಚೆಗೆ ವಿದ್ಯಾರ್ಥಿಗಳ ಸಂಖ್ಯೆ ಭರದಿಂದ ಬೆಳೆಯಿತು; ಆದರೆ ಅಷ್ಟು ಜನಕ್ಕೆ ಸಾಕಾಗುವ ವಸತಿಗೃಹಗಳನ್ನು ಕಟ್ಟುವ ಯೋಚನೆ ಅದೇ ವೇಗದಲ್ಲಿ ನಡೆಯಲಿಲ್ಲ. ಹೆಡಿಂಗ್ಲೆ ಮತ್ತು ಹೈಡ್ ಪಾರ್ಕ್ ಭಾಗದ ಸಾಲುಮನೆಗಳನ್ನು ಬಂಡವಾಳಗಾರರು ಒಂದೊಂದಾಗಿ ಕೊಂಡು, ಕೋಣೆಗೊಬ್ಬರಂತೆ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟರು. ಕುಟುಂಬವು ತೆರಬಲ್ಲ ಬಾಡಿಗೆಗಿಂತ ನಾಲ್ಕೈದು ವಿದ್ಯಾರ್ಥಿಗಳು ಕೂಡಿ ತೆರುವ ಬಾಡಿಗೆ ಹೆಚ್ಚು. ಆದುದರಿಂದ ಕುಟುಂಬಗಳು ಹಿಂದೆ ಸರಿದವು. ಪೂರ್ಣಕಾಲದ ವಿದ್ಯಾರ್ಥಿಗಳು ಮಾತ್ರವೇ ಇರುವ ಮನೆಗೆ ನಗರಸಭೆಯ ಮನೆಕಂದಾಯವಿಲ್ಲ. ಪಂಡಿತರು ಈ ಕ್ರಿಯೆಗೆ 'ವಿದ್ಯಾರ್ಥೀಕರಣ' ಎಂಬ ಅರ್ಥದ ಒಂದು ಹೊಸ ಪದವನ್ನೇ ಟಂಕಿಸಿದರು. ೨೦೦೬ರಲ್ಲಿ ಹೆಡಿಂಗ್ಲೆಯ ಪ್ರಾಥಮಿಕ ಶಾಲೆಯು ಮುಚ್ಚಿತು. ಹತ್ತಾರು ಸಾವಿರ ಜನ ಓದಲು ಬಂದ ನಗರದಲ್ಲಿ ಮಕ್ಕಳು ಓದುವ ಶಾಲೆಯೊಂದು ಬಾಗಿಲು ಹಾಕಿಕೊಂಡ ಈ ಸಂಗತಿಯನ್ನು ವಾಚಕರು ನಿಧಾನವಾಗಿ ಮನನ ಮಾಡಬೇಕು. ಮನೆಗಳನ್ನು ಹೀಗೆ ಪಾಲುಬಾಡಿಗೆಗೆ ಮಾರ್ಪಡಿಸುವ ಮೊದಲು ಅನುಮತಿ ಪಡೆಯತಕ್ಕದ್ದೆಂಬ ನಿಯಮವನ್ನು ನಗರಸಭೆಯು ಜಾರಿಗೆ ತಂದದ್ದು ೨೦೧೨ರಲ್ಲಿ. ಅಷ್ಟರಲ್ಲಿ ಅನೇಕ ಬೀದಿಗಳು ಕೈಬಿಟ್ಟುಹೋಗಿದ್ದವು.

ಊರಿನ ಖಾಯಂ ಜನರು ಕರಗಿದಂತೆ ಪಾನಗೃಹಗಳ ಖಾಯಂ ಗಿರಾಕಿಗಳೂ ಕರಗಿದರು. ಇದು ಲೀಡ್ಸಿನ ಕಷ್ಟ ಮಾತ್ರವಲ್ಲ. ೨೦೦೦ದ ಸುಮಾರಿಗೆ ಬ್ರಿಟನ್ನಿನಲ್ಲಿ ಅರುವತ್ತು ಸಾವಿರದಷ್ಟಿದ್ದ ಪಾನಗೃಹಗಳ ಸಂಖ್ಯೆ ಇಂದು ನಲವತ್ತೈದು ಸಾವಿರದ ಆಸುಪಾಸಿಗೆ ಇಳಿದಿದೆ. ಕಾರಣಗಳು ಹಲವು. ಬಹುಕಾಲದಿಂದ ಅಲ್ಲಿ ಮದ್ಯ ತಯಾರಿಸುವ ಕಂಪನಿಗಳೇ ಪಾನಗೃಹಗಳ ಒಡೆತನವನ್ನು ಹೊಂದಿದ್ದು, ನಡೆಸುವ ಗೇಣಿದಾರನು ಅವರಿಂದಲೇ, ಅವರು ಹೇಳಿದ ಬೆಲೆಗೇ ಬಿಯರನ್ನು ಕೊಳ್ಳಬೇಕಾಗಿತ್ತು. ೧೯೮೯ರ ಸರಕಾರಿ ಆಜ್ಞೆಯು ಈ ಏಕಸ್ವಾಮ್ಯವನ್ನು ಮುರಿಯಲು ಹೊರಟಿತು. ದೊಡ್ಡ ಕಂಪನಿಗಳು ಸಾವಿರಾರು ಪಾನಗೃಹಗಳನ್ನು ಮಾರಿದುದೂ ನಿಜ. ಆದರೆ ಅವುಗಳನ್ನು ಕೊಂಡವರು, ಸಾಲದ ಹಣದಿಂದ ಆಸ್ತಿಯ ವ್ಯಾಪಾರ ನಡೆಸುವ ಹೊಸ ಕಂಪನಿಗಳವರು. ಗೇಣಿದಾರನ ಕೊರಳಿನ ಹಗ್ಗ ಬಿಚ್ಚಲಿಲ್ಲ, ಅದನ್ನು ಹಿಡಿದ ಕೈ ಬದಲಾಯಿತು. ಅದರ ಮೇಲೆ ೨೦೦೭ರ ಧೂಮಪಾನ ನಿಷೇಧ, ೨೦೨೦ರ ಮಾರ್ಚಿನಲ್ಲಿ ಮಹಾವ್ಯಾಧಿಯ ದೆಸೆಯಿಂದ ಬಿದ್ದ ಬೀಗ, ಆಮೇಲೆ ಏರಿದ ವಿದ್ಯುತ್ತು ಮತ್ತು ಅನಿಲದ ದರ. ಇವೆಲ್ಲಕ್ಕೂ ಮಿಗಿಲಾಗಿ ದೊಡ್ಡ ದಿನಸಿ ಮಳಿಗೆಗಳ ಅಗ್ಗದ ಡಬ್ಬಿಗಳು ಬಂದವು. ಕಳೆದ ದಶಕದಲ್ಲಿ ಬ್ರಿಟನ್ನಿನ ಇತಿಹಾಸದಲ್ಲಿಯೇ ಮೊದಲ ಬಾರಿಗೆ, ಪಾನಗೃಹಗಳಲ್ಲಿ ಮಾರಾಟವಾಗುವುದಕ್ಕಿಂತ ಹೆಚ್ಚು ಬಿಯರು ಅಂಗಡಿಗಳಿಂದ ಮನೆಗೆ ಹೋಯಿತು.

ಇಂತಹ ಸ್ಥಿತಿಯಲ್ಲಿರುವ ಪಾನಗೃಹದ ಒಡೆಯನ ಬಾಗಿಲಿಗೆ ಶನಿವಾರ ನೂರಾರು ವೇಷಧಾರಿಗಳು ದುಡ್ಡು ಹಿಡಿದು ಬಂದು ನಿಂತರೆ ಅವನು ಏನು ಮಾಡಬೇಕು? ಸೋಮವಾರದಿಂದ ಗುರುವಾರದವರೆಗೆ ಖಾಲಿ ಕುರ್ಚಿಗಳನ್ನು ಎಣಿಸಿದವನು ಶನಿವಾರದ ಸುಗ್ಗಿಯನ್ನು ಒಲ್ಲೆನೆನ್ನುವುದು ಸುಲಭವಲ್ಲ. ಅಂದು ಬಾಗಿಲಿಗೆ ಕಾವಲುಗಾರರನ್ನು ನಿಲ್ಲಿಸುತ್ತಾನೆ. ಗಾಜಿನ ಬದಲು ಪ್ಲಾಸ್ಟಿಕ್ ಲೋಟಗಳನ್ನು ಇಡುತ್ತಾನೆ. ಅದನ್ನು ಕಂಡ ಹಳೆಯ ಗಿರಾಕಿ ಆ ದಿನ ಮನೆಯಲ್ಲಿಯೇ ಉಳಿಯುತ್ತಾನೆ; ಕೆಲವು ತಿಂಗಳಾದ ಮೇಲೆ ಬೇರೆ ದಿನಗಳಲ್ಲಿಯೂ ಬರುವುದನ್ನು ಬಿಡುತ್ತಾನೆ. ನೆರೆಯವರು ಬಿಟ್ಟಷ್ಟೂ ಯಾತ್ರಿಕರ ಮೇಲೆ ಅವಲಂಬನ ಹೆಚ್ಚುತ್ತದೆ. ಯಾತ್ರಿಕರು ಹೆಚ್ಚಿದಷ್ಟೂ ನೆರೆಯವರು ದೂರವಾಗುತ್ತಾರೆ. ವೇಷಧಾರಿಗಳಿಗೆ ಪ್ರವೇಶವಿಲ್ಲವೆಂದು ಧೈರ್ಯವಾಗಿ ಹೇಳಿದ ಒಂದೆರಡು ಪಾನಗೃಹಗಳೂ ಆ ಮಾರ್ಗದಲ್ಲಿ ಇರದೆ ಇಲ್ಲ. ಅವರ ನಡೆ ಶ್ಲಾಘ್ಯವಾದುದು. ಆದರೆ ಒಬ್ಬೊಬ್ಬರ ಧೈರ್ಯದ ಮೇಲೆ ಒಂದು ಪೇಟೆಯ ನೆಮ್ಮದಿಯನ್ನು ನಿಲ್ಲಿಸಲಾಗದು.

ಇನ್ನು ವಿದ್ಯಾರ್ಥಿಗಳ ಮಾತು. ಈ ಯಾತ್ರೆ ಹುಟ್ಟಿದ್ದು ಅವರಿಂದಲೇ. ಹೆಡಿಂಗ್ಲೆಯ ಸುತ್ತಣ ವಸತಿಗಳಿಂದ ನಗರದ ಕಾಲೇಜುಗಳಿಗೆ ಹೋಗುವ ದಾರಿಯೇ ಅದರ ಮಾರ್ಗ. ಹಳೆಯ ದೋಣಿಯೊಂದನ್ನೇ ಪಾನಗೃಹವಾಗಿ ಮಾಡಿದ 'ಡ್ರೈ ಡಾಕ್' ಅದರ ಕೊನೆಯ ಘಟ್ಟ. ಆದರೆ ಇಂದು ಯಾತ್ರಿಕರೆಲ್ಲ ವಿದ್ಯಾರ್ಥಿಗಳೆಂದು ತಿಳಿಯುವುದು ತಪ್ಪು. ಮದುವೆಗೆ ಮುಂಚೆ ಗೆಳೆಯರನ್ನು ಕೂಡಿಸಿಕೊಂಡು ಬರುವ ವರರು, ಗೆಳತಿಯರೊಡನೆ ಬರುವ ವಧುಗಳು, ಬೇರೆ ನಗರಗಳಿಂದ ರೈಲು ಹಿಡಿದು ಬರುವ ನೌಕರಿಯ ಜನರು, ಇವರೂ ಈಗ ಆ ಗುಂಪುಗಳಲ್ಲಿದ್ದಾರೆ. ಕಲಿಯುವವರ ಕೀಟಲೆಯಾಗಿ ಹುಟ್ಟಿದುದು ಪ್ರವಾಸಿಗಳ ಸರಕಾಗಿ ಬೆಳೆದಿದೆ. ವಿದ್ಯಾರ್ಥಿಗಳ ಪೈಕಿ ಕುಡಿತವು ಒಟ್ಟಿನಲ್ಲಿ ಇಳಿಯುತ್ತಿರುವ ಕಾಲವಿದು ಎಂಬುದನ್ನೂ ಮರೆಯಬಾರದು. ಇಂಗ್ಲೆಂಡಿನಲ್ಲಿ ೧೬ರಿಂದ ೨೪ ವರ್ಷದೊಳಗಿನವರ ಪೈಕಿ ಕುಡಿಯದವರ ಪ್ರಮಾಣ ೨೦೦೫ರಲ್ಲಿ ಶೇಕಡಾ ೧೮ ಇದ್ದುದು ೨೦೧೫ಕ್ಕೆ ೨೯ಕ್ಕೆ ಏರಿತು. ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘವು ೨೦೧೪ರಲ್ಲಿ ಸರಕಾರದ ನೆರವಿನಿಂದ ಮಿತಪಾನದ ಕಾರ್ಯಕ್ರಮವೊಂದನ್ನು ಕೈಕೊಂಡಿತು. ವಿದ್ಯಾರ್ಥಿ ಸಂಘಗಳ ಪಾನಗೃಹಗಳೂ ಹಲವೆಡೆ ಕಾಫಿ ಮಂದಿರಗಳಾಗಿ ಮಾರ್ಪಟ್ಟಿವೆ.

ಹಾಗಿದ್ದರೂ ಕಾಲೇಜಿನ ಹೊಸಬರ ವಾರವು ಬಂದಾಗ, ಕ್ರೀಡಾಸಂಘಗಳು ಹೊಸ ಸದಸ್ಯರನ್ನು ಬರಮಾಡಿಕೊಳ್ಳುವಾಗ, ಸ್ನೇಹಕ್ಕೆ ಹೆಬ್ಬಾಗಿಲು ಬಾರು ಎಂಬ ಹಳೆಯ ನಂಬಿಕೆ ಇನ್ನೂ ಅಳಿದಿಲ್ಲ. ಧಾರವಾಡದಿಂದಲೋ ಮೈಸೂರಿನಿಂದಲೋ ಮೊದಲ ಬಾರಿಗೆ ಹೊರಟು, ಯಾರ ಪರಿಚಯವೂ ಇಲ್ಲದ ಊರಿನಲ್ಲಿಳಿದ ನಮ್ಮ ಹುಡುಗನೋ ಹುಡುಗಿಯೋ ಇಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತಾರೆ. ಕುಡಿಯುವವರೊಡನೆ ಹೋಗದಿದ್ದರೆ ಗೆಳೆತನವಿಲ್ಲ; ಹೋದರೆ ಹದಿನೈದು ಮನೆಗಳಲ್ಲಿ ಹದಿನೈದು ಸಲ ಬೇಡವೆನ್ನಬೇಕು. ಸಾಧಾರಣವಾದ ಪಾನಗೃಹದಲ್ಲಿ ಒಂದು ಲೋಟ ಹಣ್ಣಿನ ರಸವನ್ನು ಹಿಡಿದು ಮೂರು ಘಂಟೆ ಹರಟಿದರೂ ಕೇಳುವವರಿಲ್ಲ. ಯಾತ್ರೆಯಲ್ಲಿ ಅದಕ್ಕೆ ಆಸ್ಪದವಿಲ್ಲ, ಏಕೆಂದರೆ ಅಲ್ಲಿ ಲೋಟವೇ ಲೆಕ್ಕ. ನೆರೆತನವನ್ನು ಕಳೆದುಕೊಂಡ ಪಾನಗೃಹದಲ್ಲಿ ಕುಡಿಯುವುದನ್ನು ಬಿಟ್ಟು ಬೇರೆ ಕೆಲಸವೇ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೇ?

ಕಾಯಿದೆಯು ಏನು ಹೇಳುತ್ತದೆ? ಇಂಗ್ಲೆಂಡಿನ ೨೦೦೩ರ ಲೈಸೆನ್ಸು ಕಾಯಿದೆಗೆ ನಾಲ್ಕು ಉದ್ದೇಶಗಳಿವೆ: ಅಪರಾಧ ಮತ್ತು ಗಲಭೆಯ ತಡೆ, ಸಾರ್ವಜನಿಕರ ಸುರಕ್ಷಿತತೆ, ಉಪದ್ರವದ ನಿವಾರಣೆ, ಮಕ್ಕಳ ರಕ್ಷಣೆ. ಆರೋಗ್ಯವು ಈ ಪಟ್ಟಿಯಲ್ಲಿ ಇಲ್ಲ. ಸ್ಕಾಟ್ಲೆಂಡಿನವರು ತಮ್ಮ ಕಾಯಿದೆಯಲ್ಲಿ ಅದನ್ನೂ ಸೇರಿಸಿಕೊಂಡಿದ್ದಾರೆ. ಮೈಮೇಲೆ ಎಚ್ಚರವಿಲ್ಲದಂತೆ ಕುಡಿದವನಿಗೆ ಮತ್ತೆ ಮದ್ಯ ಮಾರುವುದು ಅಪರಾಧವೆಂದು ಅದೇ ಕಾಯಿದೆ ಹೇಳುತ್ತದೆ. ೨೦೧೦ರ ನಿಯಮಗಳು ನಿಶ್ಚಿತ ಹಣಕ್ಕೆ ಮಿತಿಯಿಲ್ಲದೆ ಕುಡಿಸುವ ಆಮಿಷಗಳನ್ನು ನಿಷೇಧಿಸಿ, ಕೇಳಿದವರಿಗೆ ನೀರನ್ನು ಪುಕ್ಕಟೆಯಾಗಿ ಕೊಡತಕ್ಕದ್ದೆಂದು ವಿಧಿಸಿವೆ. ಆದರೆ ಈ ಕಾಯಿದೆಯ ದೃಷ್ಟಿ ಒಂದೊಂದು ಮನೆಯನ್ನು ಪ್ರತ್ಯೇಕವಾಗಿ ನೋಡುತ್ತದೆ. ಹದಿನೈದು ಮನೆಗಳಲ್ಲಿ ಒಂದೊಂದೂ ನಿಯಮವನ್ನು ಪಾಲಿಸಿ ಒಂದೊಂದೇ ಲೋಟವನ್ನು ಕೊಟ್ಟಿದ್ದರೂ ಕೊನೆಗೆ ಬೀದಿಯಲ್ಲಿ ಬಿದ್ದವನ ಹೊಣೆ ಯಾರದು? ಹದಿನೈದನೆಯವನು ಮೊದಲಿನ ಹದಿನಾಲ್ವರನ್ನು ತೋರಿಸುತ್ತಾನೆ. ಹದಿನಾಲ್ವರು ತಮ್ಮಲ್ಲಿದ್ದಾಗ ಅವನು ನೆಟ್ಟಗಿದ್ದನೆಂದು ಹೇಳುತ್ತಾರೆ. ಒಂದು ಭಾಗದಲ್ಲಿ ಪಾನಗೃಹಗಳು ಮಿತಿಮೀರಿ ಸೇರಿದರೆ ಅವುಗಳ ಒಟ್ಟು ಪರಿಣಾಮವನ್ನು ಅಳೆದು ಹೊಸ ಲೈಸೆನ್ಸುಗಳಿಗೆ ತಡೆಯೊಡ್ಡಬಹುದೆಂಬ ಪದ್ಧತಿಗೆ ೨೦೧೭ರ ಶಾಸನವು ಕಾನೂನಿನ ಬಲವನ್ನು ಕೊಟ್ಟಿತು. ಲೀಡ್ಸಿನ ನಗರಸಭೆಯೂ ಹೆಡಿಂಗ್ಲೆಯಲ್ಲಿ ಈ ನೀತಿಯನ್ನು ಅನುಸರಿಸಿದೆ. ಅದು ಹೊಸಬರನ್ನು ತಡೆಯಬಲ್ಲದು, ಇದ್ದವರನ್ನು ತಿದ್ದಲಾರದು. ತಡರಾತ್ರಿ ಮದ್ಯ ಮಾರುವವರಿಂದ ಪೋಲೀಸು ಮತ್ತು ನೈರ್ಮಲ್ಯದ ವೆಚ್ಚಕ್ಕಾಗಿ ಪಟ್ಟಿ ಎತ್ತುವ ಅಧಿಕಾರವನ್ನು ೨೦೧೧ರ ಶಾಸನವು ನಗರಸಭೆಗಳಿಗೆ ಕೊಟ್ಟಿದೆ. ಆದರೆ ಅದು ನಡುರಾತ್ರಿಯಿಂದ ಬೆಳಗಿನ ಆರು ಘಂಟೆಯೊಳಗಿನ ಮಾರಾಟಕ್ಕೆ ಮಾತ್ರ ಸಂಬಂಧಿಸಿದುದು. ಹಗಲಲ್ಲಿ ಹೊರಟು ಸಂಜೆಗೆ ಮುಗಿಯುವ ಯಾತ್ರೆಯು ಈ ಬಲೆಯ ಕಣ್ಣಿನೊಳಗಿಂದ ಸಲೀಸಾಗಿ ನುಸುಳಿಹೋಗುತ್ತದೆ.

ಹಾಗಾದರೆ ಪಾನಗೃಹಗಳನ್ನೇ ಮುಚ್ಚಿಸಿಬಿಡಬಾರದೇ ಎಂದು ಕೆಲವರು ಕೇಳುವರು. ಬ್ರಿಟನ್ನಿನಲ್ಲಿ ೨೦೨೩ರಲ್ಲಿ ನೇರವಾಗಿ ಮದ್ಯದ ಕಾರಣದಿಂದಲೇ ಸತ್ತವರು ೧೦,೪೭೩ ಜನ. ಈ ಸಾವಿನ ಪ್ರಮಾಣವು ಹೆಚ್ಚಾಗಿರುವುದು ತರುಣರಲ್ಲಿ ಅಲ್ಲ, ನಡುವಯಸ್ಸು ದಾಟಿದವರಲ್ಲಿ. ಬೀದಿಯ ಗದ್ದಲ ಕಣ್ಣಿಗೆ ಬೀಳುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ವರ್ಷಗಟ್ಟಲೆ ನಡೆಯುವ ಕುಡಿತ ಕಣ್ಣಿಗೆ ಬೀಳುವುದಿಲ್ಲ. ಪಾನಗೃಹ ಮುಚ್ಚಿದರೆ ಕುಡಿತವು ನಿಲ್ಲುವುದಿಲ್ಲ. ನೋಡುವ ಕಣ್ಣುಗಳಿಲ್ಲದ ಕಡೆಗೆ ಸರಿಯುತ್ತದೆ. ಸ್ಕಾಟ್ಲೆಂಡು ೨೦೧೮ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆಯನ್ನು ಗೊತ್ತುಪಡಿಸಿದುದೂ, ೨೦೨೩ರ ಆಗಸ್ಟಿನಿಂದ ಪಾನಗೃಹದ ಪೀಪಾಯಿಯ ಬಿಯರಿಗೆ ಅಂಗಡಿಯ ಡಬ್ಬಿಗಿಂತ ಕಡಿಮೆ ಸುಂಕವನ್ನು ವಿಧಿಸಿದುದೂ ಈ ತತ್ತ್ವವನ್ನು ಒಪ್ಪಿದುದರ ಲಕ್ಷಣಗಳು. ದಿಕ್ಕು ಸರಿಯಾಗಿದೆ, ನಡಿಗೆ ನಿಧಾನವಾಗಿದೆ.

ನಮ್ಮ ಅಭಿಪ್ರಾಯದಲ್ಲಿ ಲೀಡ್ಸಿನವರು ಮಾಡತಕ್ಕ ಕೆಲಸಗಳು ಅಸಾಧ್ಯವಾದುವಲ್ಲ. ಯಾತ್ರೆಯ ಮಾರ್ಗದ ಪಾನಗೃಹಗಳೆಲ್ಲ ಒಟ್ಟಾಗಿ ಒಂದು ಒಪ್ಪಂದಕ್ಕೆ ಬರಬೇಕು. ಇಂತಿಷ್ಟು ಜನಕ್ಕಿಂತ ದೊಡ್ಡ ತಂಡಗಳನ್ನು ಒಬ್ಬರೂ ಸೇರಿಸಬಾರದು, ಒಬ್ಬರು ಹೊರಹಾಕಿದವನನ್ನು ಇನ್ನೊಬ್ಬರು ಒಳಗೆ ಬಿಡಬಾರದು. ಶನಿವಾರದ ಲಾಭದಲ್ಲಿ ಒಂದಂಶವನ್ನು ಶೌಚಾಲಯಗಳಿಗಾಗಿಯೂ ಬೀದಿಯ ನೈರ್ಮಲ್ಯಕ್ಕಾಗಿಯೂ ಎತ್ತಿಡಬೇಕು. ಹಗಲಿನ ವ್ಯಾಪಾರಕ್ಕೂ ಪಟ್ಟಿಯನ್ನು ಹಾಕುವ ಅಧಿಕಾರವನ್ನು ಪಾರ್ಲಿಮೆಂಟು ನಗರಸಭೆಗೆ ಕೊಡಬೇಕು. ಪ್ರತಿಯೊಂದು ಪಾನಗೃಹವೂ ಆ ದಿನವೂ ಒಂದು ಕೋಣೆಯನ್ನು ಊರಿನವರಿಗಾಗಿಯೇ ಕಾದಿರಿಸಬೇಕು. ವಿದ್ಯಾರ್ಥಿ ಸಂಘಗಳು ಹೊಸಬರನ್ನು ಬರಮಾಡಿಕೊಳ್ಳುವ ಸಂಪ್ರದಾಯವನ್ನು ಲೋಟದಿಂದ ಬಿಡಿಸಬೇಕು. ೨೦೧೧ರ ಸ್ಥಳೀಯಾಡಳಿತದ ಕಾಯಿದೆಯ ಮೇರೆಗೆ ಊರಿನ ಜನರು ಒಂದು ಪಾನಗೃಹವನ್ನು ಸಮುದಾಯದ ಸ್ವತ್ತೆಂದು ದಾಖಲು ಮಾಡಿಸಿದರೆ, ಅದು ಮಾರಾಟಕ್ಕೆ ಬಂದಾಗ ತಾವೇ ಕೊಳ್ಳಲು ಆರು ತಿಂಗಳ ಅವಕಾಶವನ್ನು ಪಡೆಯಬಲ್ಲರು. ಹೆಡಿಂಗ್ಲೆಯವರಿಗೆ ಇದು ಹೊಸ ವಿದ್ಯೆಯಲ್ಲ. ಮುಚ್ಚಿಹೋದ ಆ ಪ್ರಾಥಮಿಕ ಶಾಲೆಯ ಕಟ್ಟಡವನ್ನು ಅವರು ತಮ್ಮ ಸಂಘದ ಮೂಲಕ ಪಡೆದು ೨೦೧೧ರಲ್ಲಿ ಸಮುದಾಯದ ಕೇಂದ್ರವಾಗಿ ತೆರೆದರು. ಶಾಲೆಯನ್ನು ಉಳಿಸಿಕೊಳ್ಳಲಾರದವರು ಅದರ ಗೋಡೆಗಳನ್ನಾದರೂ ಊರಿಗೆ ಉಳಿಸಿಕೊಂಡರು. ಅಂತಹ ಕರ್ತೃತ್ವಶಕ್ತಿಯುಳ್ಳ ಜನರನ್ನು ಗೊಣಗುವವರೆಂದು ಕರೆಯುವುದು ಅವರ ವಿಷಯದಲ್ಲಿ ಅಜ್ಞಾನ.

ನಮ್ಮ ನಾಡಿಗೂ ಇದರಲ್ಲಿ ಪಾಠವುಂಟು. ೧೯೮೦ರ ದಶಕದ ಕೊನೆಯಿಂದ ಬೆಂಗಳೂರಿನ ಬ್ರಿಗೇಡ್ ರಸ್ತೆ, ಚರ್ಚ್ ಬೀದಿಗಳಲ್ಲಿ ಆರಂಭವಾದ ಪಬ್ಬುಗಳು ಇಂದಿರಾನಗರ, ಕೋರಮಂಗಲಗಳ ವಸತಿಯ ಬೀದಿಗಳಿಗೂ ಹಬ್ಬಿ, ಗದ್ದಲದ ವಿಷಯವಾಗಿ ಅಲ್ಲಿಯ ನಿವಾಸಿಗಳು ಕೋರ್ಟಿನ ಮೆಟ್ಟಿಲನ್ನು ಹತ್ತುವಂತಾಯಿತು. ೨೦೦೯ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರದು ಸಂಸ್ಕೃತಿಯ ರಕ್ಷಣೆಯಲ್ಲ, ಅದು ಶುದ್ಧ ಪುಂಡತನ. ಇನ್ನೊಂದು ಕಡೆ ಅಬಕಾರಿ ಉತ್ಪನ್ನದ ಗುರಿಯನ್ನು ವರ್ಷವರ್ಷಕ್ಕೂ ಏರಿಸುತ್ತ, ೨೦೨೫-೨೬ಕ್ಕೆ ೪೦,೦೦೦ಕೋಟಿ ರೂಪಾಯಿಗಳಿಗೆ ತಂದು ನಿಲ್ಲಿಸಿದ ಸರಕಾರದಿಂದ ನೆರೆಯವರ ನಿದ್ರೆಯ ಚಿಂತೆಯನ್ನು ನಿರೀಕ್ಷಿಸುವುದು ಹೇಗೆ? ಬಡಿಗೆಯಿಂದಲೂ ಬೊಕ್ಕಸದಿಂದಲೂ ಈ ಪ್ರಶ್ನೆಗೆ ಉತ್ತರ ಸಿಗದು. ಇಂಗ್ಲೆಂಡಿನಲ್ಲಿ ಲೈಸೆನ್ಸಿಗೆ ಅರ್ಜಿ ಬಂದಾಗ ಯಾವ ನಿವಾಸಿಯೂ ನಗರಸಭೆಯ ಮುಂದೆ ತನ್ನ ಆಕ್ಷೇಪವನ್ನು ಹೇಳಬಲ್ಲನು. ಕೊಟ್ಟ ಲೈಸೆನ್ಸನ್ನು ಪುನರ್ವಿಚಾರ ಮಾಡಬೇಕೆಂದು ಕೇಳಬಲ್ಲನು. ಅಲ್ಲಿಯ ಪದ್ಧತಿಯಲ್ಲಿ ನ್ಯೂನತೆಗಳಿವೆಯೆಂದು ಮೇಲೆ ತೋರಿಸಿದ್ದೇವೆ. ಆದರೂ ಸನ್ನದು ಕೊಡುವುದಕ್ಕೆ ಮೊದಲೇ ನೆರೆಮನೆಯವನ ಮಾತನ್ನು ಕಿವಿಗೊಟ್ಟು ಕೇಳುವ ಆ ಒಂದು ಅಂಶವನ್ನು ನಮ್ಮ ಸರಕಾರವು ಅನುಕರಿಸಿದರೆ ಯಾರಿಗೂ ನಷ್ಟವಿಲ್ಲ.

ಆಟ್ಲಿ ರಸ್ತೆಯ ತರುಣರಿಗೆ ನಾವು ಹೇಳುವುದು ಇಷ್ಟೇ. ನೀವು ದಾಟಿಹೋಗುವ ಪ್ರತಿಯೊಂದು ಬಾಗಿಲೂ ಒಂದು ಕಾಲದಲ್ಲಿ ಆ ಬೀದಿಯವರ ಪಡಸಾಲೆಯಾಗಿತ್ತು. ಹದಿನೈದು ಮನೆಗಳನ್ನು ಒಂದೇ ಸಂಜೆಯಲ್ಲಿ ಮುಗಿಸಿದವನು ಒಂದು ಮನೆಯನ್ನೂ ಕಂಡಂತಾಗುವುದಿಲ್ಲ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಮೂರು ವರ್ಷಗಳ ನಿಮ್ಮ ವಿದ್ಯಾಭ್ಯಾಸದ ಕಾಲದಲ್ಲಿ ಅಲ್ಲಿಗೆ ಮತ್ತೆ ಮತ್ತೆ ಹೋಗಿರಿ; ಕುಡಿಯುವುದೂ ಬಿಡುವುದೂ ನಿಮ್ಮ ಇಷ್ಟ. ಮೂಲೆಯಲ್ಲಿ ಕುಳಿತ ಮುದುಕನ ಹೆಸರು ನಿಮಗೂ ನಿಮ್ಮ ಹೆಸರು ಅವನಿಗೂ ತಿಳಿದ ದಿನ, ನಗರಸಭೆಯು ಮಾಡಲಾರದ ಕೆಲಸವೊಂದು ಆಗಿರುತ್ತದೆ.